ತಂಗಿಯ ಹಾರಾಟದ ಬಾಲ

ಅಂಗಡಿಯಲ್ಲಿ ಕೂತರೆ ಕೂತಿರಲಾಗುವುದಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಈಚೆಗೆ ನನ್ನ ಪಾಡು ಹೀಗಾಗಿದೆ. ಸುದ್ದಗುಂಟೆಪಾಳ್ಯದ ಒಂದು ಒಳರಸ್ತೆಯಲ್ಲಿ ಕಾರು, ಬೈಕುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ನನ್ನದು. ಮೆಷಿನ್ನಿಗೆ ದಾರ ಏರಿಸುತ್ತೇನೆ, ಅರ್ಧ ಹೊಲಿಗೆಗೆ ಬಿಟ್ಟು ರಸ್ತೆಗೆ ಬಂದು ತಲೆ ಎತ್ತಿ ನೋಡುತ್ತೇನೆ. ಮೇಲೆ ಕೇಬಲ್ಲುಗಳು, ನೀರಿನ ಟ್ಯಾಂಕುಗಳು, ಒಂದೆರಡು ಹದ್ದು. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ಅಲ್ಲಿ ಬಿಸಿಗಾಳಿ ಏಳುತ್ತಿದೆ ಎಂದು ಅರ್ಥ. ಇದನ್ನು ನನಗೆ ಹೇಳಿಕೊಟ್ಟವಳು ನನ್ನ ತಂಗಿ. ಅವಳಿಗೆ ನಾನು ಮಾಡಿದ್ದನ್ನು ಬರೆದಿಡೋಣವೆಂದು ಕೂತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಆದರೆ ಇವನು ಓದಿಲ್ಲ, ಪಾಪ, ಎಂದು ಯಾರೂ ನನ್ನ ಪರವಾಗಿ ಲೆಕ್ಕ ಹಾಕಬಾರದು. ಹಾಗೆ ಹಾಕಿದವರಿದ್ದಾರೆ. ಅದರಿಂದಲೇ ವಿಷಯ ಇಷ್ಟು ಕೆಟ್ಟದ್ದು.

ಹಾರುವ ಹುಚ್ಚು ನಮ್ಮ ಮನೆಗೆ ಬಂದದ್ದು ನನ್ನ ಅಂಗಡಿಯ ಬಾಗಿಲಿನಿಂದಲೇ. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರು ದೊಡ್ಡದೊಂದು ಬೆನ್ನುಚೀಲ ತಂದು, ಜಿಪ್ಪು ಕಿತ್ತುಹೋಗಿದೆ, ಗಟ್ಟಿಯಾದದ್ದು ಹಾಕಿಕೊಡಿ ಅಂದರು.

“ಒಳಗೇನಿಡ್ತೀರಾ ಸಾರ್, ಹಾಸಿಗೇನಾ?”

“ಅಲ್ಲಪ್ಪಾ, ರೆಕ್ಕೆ.”

ಅವರು ಪ್ಯಾರಾಗ್ಲೈಡರ್, ಅಂದರೆ ಪ್ಯಾರಾಚೂಟಿನಂಥ ಬಟ್ಟೆಯ ರೆಕ್ಕೆ, ಹಾರಿಸುವವರ ಒಂದು ಗುಂಪು ನಡೆಸುತ್ತಿದ್ದರು. ಬೆಂಗಳೂರಿನಿಂದ ಎರಡು ಗಂಟೆ ದಾರಿಯ ಬಯಲಿನಲ್ಲಿ ಅವರ ಹಾರಾಟ. ಅಲ್ಲಿ ಬೆಟ್ಟವಿಲ್ಲ. ವಿಂಚ್ ಎಂಬ ಯಂತ್ರದ ಡ್ರಮ್ಮಿಗೆ ಉದ್ದನೆಯ ಹಗ್ಗ ಸುತ್ತಿರುತ್ತಾರೆ. ಹಗ್ಗದ ತುದಿಯನ್ನು ಹಾರುವವರಿಗೆ ಸಿಕ್ಕಿಸಿ ಎಳೆದರೆ ಗಾಳಿಪಟ ಏರಿದ ಹಾಗೆ ಮನುಷ್ಯರು ಏರುತ್ತಾರೆ. ಮೇಲೆ ಹೋಗಿ ಹಗ್ಗ ಬಿಡಿಸಿಕೊಂಡ ಮೇಲೆ ಎಂಜಿನ್ನಿಲ್ಲ, ಏನಿಲ್ಲ. ಬಿಸಿಗಾಳಿ ಹುಡುಕಿ, ಅದರೊಳಗೆ ಸುತ್ತಿ ಸುತ್ತಿ ಎತ್ತರ ಗಳಿಸಿ, ಗಾಳಿ ಬೀಸುವ ಕಡೆಗೆ ಎಷ್ಟು ದೂರ ಆದೀತೋ ಅಷ್ಟು ಹೋಗುವುದು.

ಒಂದು ಭಾನುವಾರ ಬನ್ನಿ ಅಂದರು. ತಂಗಿಯನ್ನೂ ಕರೆದುಕೊಂಡು ಹೋದೆ. ನನಗೆ ಏಣಿ ಹತ್ತಿದರೆ ಮೊಣಕಾಲು ನಡುಗುತ್ತದೆ. ತಂಗಿ ಜಯನಗರದ ಲ್ಯಾಬೊಂದರಲ್ಲಿ ಬೆಳಗಿನಿಂದ ಜನರ ರಕ್ತ ತೆಗೆಯುವವಳು. ಇಡೀ ದಿನ ಬಿಸಿಲಿನಲ್ಲಿ ಕೈಕಟ್ಟಿ ನಿಂತು ನೋಡಿದಳು. ಸಂಜೆ ವಾಪಸ್ಸು ಹೊರಡುವಾಗ, ಕಲಿಯುವುದಕ್ಕೆ ಎಷ್ಟು ದಿನ ಬೇಕು ಸಾರ್ ಎಂದು ಕೇಳುತ್ತಿದ್ದಳು.

ಅವಳು ಹಾರುವುದನ್ನು ಕಲಿತಳು, ನಾನು ಅವಳ ಹಿಂದೆ ನನ್ನ ಅಂಗಡಿಯ ವ್ಯಾನು ಓಡಿಸುವುದನ್ನು ಕಲಿತೆ. ಎಲ್ಲೋ ಹೊಲದಲ್ಲಿ ಇಳಿದವರನ್ನು ಹುಡುಕಿ ತರುವ ಈ ಕೆಲಸಕ್ಕೆ ರಿಟ್ರೀವ್ ಅನ್ನುತ್ತಾರೆ. ಗುಂಪಿನಲ್ಲಿ ನಾನು ರಿಟ್ರೀವ್ ಅಣ್ಣ. ಅವಳ ಎದೆಯ ಮುಂದೆ ಕಟ್ಟಿಕೊಂಡ ಫೋನು ತಾನು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ಜಿಪಿಎಸ್ಸಿನಿಂದ ಕ್ಷಣಕ್ಷಣಕ್ಕೂ ಗುರುತು ಹಾಕಿಕೊಳ್ಳುತ್ತ ಹೋಗುತ್ತದೆ. ಆ ಗುರುತುಗಳೆಲ್ಲ ಸೇರಿ ನಕ್ಷೆಯ ಮೇಲೆ ಒಂದು ಗೆರೆ. ಅದೇ ಲಾಗ್. ಏರಿದ ಕಡೆ ಕೆಂಪು, ಇಳಿದ ಕಡೆ ನೀಲಿ. ನಕ್ಷೆಯ ಕೆಳಗೆ ಎತ್ತರ ತೋರಿಸುವ ಇನ್ನೊಂದು ಗೆರೆ. ಬಿಸಿಗಾಳಿಯಲ್ಲಿ ಸುತ್ತಿದ ಜಾಗ ಚಕ್ಕುಲಿ ಒತ್ತಿದ ಹಾಗೆ ಕಾಣುತ್ತದೆ. ಮೊದಮೊದಲು ನನಗೆ ಅದು ಬಾಬಿನ್ನಿನಿಂದ ಬಿಚ್ಚಿ ಸಿಕ್ಕಾದ ದಾರದಂತೆ ಕಾಣುತ್ತಿತ್ತು. ಆಮೇಲೆ, ಇಲ್ಲಿ ಅವಳಿಗೆ ಗಾಳಿ ಸಿಕ್ಕಿಲ್ಲ, ಇಲ್ಲಿ ಹೆದರಿದ್ದಾಳೆ, ಇಲ್ಲಿ ಹದ್ದಿನ ಹಿಂದೆ ಹೋಗಿದ್ದಾಳೆ ಎಂದು ಗೆರೆ ನೋಡಿಯೇ ಹೇಳಬಲ್ಲವನಾದೆ.

ಗುಂಪಿನ ಪದ್ಧತಿಯೊಂದಿದೆ. ಹಾರಿದ ದಿನವೇ ಲಾಗನ್ನು ವೆಬ್‌ಸೈಟಿಗೆ ಹಾಕಬೇಕು, ಎಲ್ಲರೂ ನೋಡಬೇಕು. “ಲಾಗ್ ಇಲ್ಲ ಅಂದ್ರೆ ನೀನು ಹಾರೇ ಇಲ್ಲ ಮಗಾ” ಅನ್ನುವುದು ಅವರ ಮಾತು. ಇಳಿದ ಮೇಲೆ ತಂಗಿಗೆ ತಲೆನೋವು ಬಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಬಿಡುತ್ತಾಳೆ. ಅದರಿಂದ ಲಾಗ್ ಹಾಕುವ ಕೆಲಸ ನನ್ನದಾಯಿತು. ಅದರಲ್ಲಿ ಎಚ್ಚರವಾಗಿರಬೇಕಾದ ಒಂದೇ ಜಾಗವೆಂದರೆ ಬಾಲ. ಇಳಿದ ಮೇಲೂ ಫೋನು ಗುರುತು ಹಾಕುತ್ತಲೇ ಇರುತ್ತದೆ. ವ್ಯಾನು ಹೊರಟರೆ ವ್ಯಾನಿನ ದಾರಿಯೂ ಹಾರಾಟದ ಗೆರೆಗೆ ಅಂಟಿಕೊಳ್ಳುತ್ತದೆ. ಕೊನೆಯ ಗುರುತನ್ನು ಬೆರಳಿನಿಂದ ಹಿಂದಕ್ಕೆ ಎಳೆದು, ಕಾಲು ನೆಲಕ್ಕೆ ತಾಕಿದ ಜಾಗಕ್ಕೆ ತಂದು ನಿಲ್ಲಿಸಬೇಕು. ಇದಕ್ಕೆ ಬಾಲ ಕತ್ತರಿಸುವುದು ಎನ್ನುತ್ತೇವೆ. ನಾನು ಎಷ್ಟೋ ಸಲ ಕತ್ತರಿಸಿದ್ದೇನೆ. ರೆಕ್ಸಿನ್ ಕತ್ತರಿಸುವವನಿಗೆ ಇದೇನು ದೊಡ್ಡದಲ್ಲ.

ಇನ್ನೊಂದು ಪದ್ಧತಿ, ಐವತ್ತು ಕಿಲೋಮೀಟರ್ ದಾಟಿದವರ ಹೆಸರನ್ನು ವಿಂಚಿನ ಡ್ರಮ್ಮಿನ ಪಕ್ಕದಲ್ಲಿ ಪೇಂಟಿನಿಂದ ಬರೆಯುವುದು. ಅಲ್ಲಿದ್ದವೆಲ್ಲ ಗಂಡಸರ ಹೆಸರು. ತಂಗಿ ಮೂವತ್ತು ದಾಟಿದ್ದೇ ಅಪರೂಪ. ಗುಂಪಿನಲ್ಲೊಬ್ಬ ತಮಾಷೆಯ ಹುಡುಗನಿದ್ದಾನೆ, ವಯಸ್ಸು ಮೂವತ್ತರ ಆಸುಪಾಸು, ಬಾಯಿ ಸುಮ್ಮನಿರುವುದಿಲ್ಲ. ಪ್ರತಿ ವಾರವೂ ಅವಳನ್ನು ಕೆಣಕುತ್ತಿದ್ದ: “ಅಕ್ಕಾ, ಪೇಂಟ್ ಡಬ್ಬ ಒಣಗೋಗ್ತಿದೆ, ಬೇಗ.” ಅವಳೂ ಬಿಡುತ್ತಿರಲಿಲ್ಲ: “ನಿನ್ನ ಹೆಸರು ಅಳಿಸಿ ಬರೀತೀನಿ ಕಣೋ, ಜಾಗ ಖಾಲಿ ಮಾಡ್ಕೊಂಡಿರು.” ನಗುತ್ತಿದ್ದಳು. ಆದರೆ ವ್ಯಾನಿನಲ್ಲಿ ಬಾಗಿಲು ಹಾಕಿಕೊಂಡ ಮೇಲೆ ನಗು ಇರುತ್ತಿರಲಿಲ್ಲ. ಅದು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

ಆ ಭಾನುವಾರ ಗಾಳಿ ಚೆನ್ನಾಗಿತ್ತು. ಅವಳು ಎಲ್ಲಿದ್ದಾಳೆಂದು ತೋರಿಸುವ ಚುಕ್ಕಿಯನ್ನು ನನ್ನ ಫೋನಿನಲ್ಲಿ ನೋಡುತ್ತ, ಮಣ್ಣುರಸ್ತೆ, ಟಾರುರಸ್ತೆ ಎನ್ನದೆ ಬೆನ್ನು ಹತ್ತಿದೆ. ಮೂವತ್ತು ದಾಟಿತು, ನಲವತ್ತು ದಾಟಿತು. ಒಂದು ಅವರೆಹೊಲದ ಬದಿಯಲ್ಲಿ ಇಳಿದಳು. ನಾನು ಹೋಗುವಷ್ಟರಲ್ಲಿ ರೆಕ್ಕೆ ಮಡಚದೆ ಅದರ ಪಕ್ಕದಲ್ಲೇ ಅಂಗಾತ ಮಲಗಿದ್ದಳು. ಹೊಲದವರು ನೀರು ಕೊಟ್ಟಿದ್ದರು. “ಅಣ್ಣಾ, ಕೈ ನಡುಗ್ತಿದೆ ನೋಡು” ಎಂದು ತೋರಿಸಿ ನಕ್ಕಳು. ವ್ಯಾನು ಹತ್ತಿದವಳು ನಿದ್ದೆ ಹೋದಳು. ಹೆದ್ದಾರಿಗೆ ಸೇರುವ ದಾರಿ, ಅವಳು ಹಾರಿಬಂದ ದಿಕ್ಕಿನಲ್ಲೇ ಇನ್ನೂ ಮುಂದಕ್ಕಿತ್ತು. ನಡುವೆ ರೈಲ್ವೆ ಗೇಟು ಹಾಕಿತ್ತು, ಕಾದೆವು. ಅದು ದಾಟಿದ ಮೇಲೆ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ, ಅವಳ ಫೋನು ತೆಗೆದು ರೆಕಾರ್ಡಿಂಗ್ ನಿಲ್ಲಿಸಿ ಲಾಗ್ ಹಾಕಲು ಕೂತೆ.

ವೆಬ್‌ಸೈಟು ಇಡೀ ಗೆರೆಯನ್ನು ತೆಗೆದುಕೊಂಡು ಐವತ್ತೆರಡು ಎಂದು ತೋರಿಸಿತು. ನಾನು ಅಭ್ಯಾಸದಂತೆ ಕೊನೆಯ ಗುರುತನ್ನು ಎಳೆದು ಅವರೆಹೊಲಕ್ಕೆ ತಂದೆ. ನಲವತ್ತಾರು.

ಇಲ್ಲಿ ನಾನು ಸತ್ಯ ಬರೆಯಬೇಕು. ಬೆರಳು ಜಾರಲಿಲ್ಲ. ಫೋನು ಕೈಕೊಡಲಿಲ್ಲ. ನಾನು ಆ ಗುರುತನ್ನು ವಾಪಸ್ಸು ಟೀ ಅಂಗಡಿಗೆ ತಂದೆ. ಐವತ್ತೆರಡು. ಮತ್ತೆ ಹಿಂದಕ್ಕೆ, ನಲವತ್ತಾರು. ಹಿಂದಿನ ಸೀಟಿನಲ್ಲಿ ಅವಳು ಬಾಯಿ ಸ್ವಲ್ಪ ತೆರೆದು ಮಲಗಿದ್ದಳು, ಕೆನ್ನೆಯ ಮೇಲೆ ಹೆಲ್ಮೆಟ್ಟಿನ ಪಟ್ಟಿಯ ಗುರುತು. ಆರೇ ಆರು ಕಿಲೋಮೀಟರ್ ಅಂದುಕೊಂಡೆ. ಗುರುತನ್ನು ಮುಂದಕ್ಕೆ ತಳ್ಳಿ ಒತ್ತಿಬಿಟ್ಟೆ.

ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಅವಳಿಗೆ ಎಚ್ಚರವಾಯಿತು. ಫೋನು ನೋಡಿ ಕಿರುಚಿದಳು. ಪಕ್ಕದ ಬೈಕಿನವನು ಬೆಚ್ಚಿಬಿದ್ದ.

“ಐವತ್ತೆರಡಾ! ನಾನು ನಲವತ್ತೈದೋ ಆರೋ ಅಂದ್ಕೊಂಡಿದ್ದೆ.”

“ಕೆರೆ ಬಳಸ್ಕೊಂಡು ಬಂದ್ಯಲ್ಲ, ಅದೂ ಸೇರಿರತ್ತೆ” ಅಂದೆ.

ನಂಬಿದಳು. ತಿರುವುಗಳನ್ನು ಸೇರಿಸಿಯೇ ವೆಬ್‌ಸೈಟು ದೂರ ಲೆಕ್ಕ ಹಾಕುವುದರಿಂದ ನಂಬುವಂತೆಯೇ ಇತ್ತು. ಮಡಿವಾಳ ದಾಟುವವರೆಗೂ ಅವಳಿಗೆ ಅಭಿನಂದನೆಗಳು ಬರುತ್ತಲೇ ಇದ್ದವು. ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ನಾನು ಕ್ಲಚ್ಚು ಬ್ರೇಕುಗಳಲ್ಲಿ ಬಿಡುವಿಲ್ಲದವನಂತೆ ಕೂತಿದ್ದೆ. ಮರುದಿನ ಅವಳು ಲ್ಯಾಬಿನಲ್ಲಿ ಸ್ವೀಟ್ ಹಂಚಿದಳು.

ಬುಧವಾರ ಸಂಜೆ ಜೆ.ಪಿ. ನಗರದ ದರ್ಶಿನಿಯೊಂದರಲ್ಲಿ ಗುಂಪು ಸೇರುತ್ತದೆ. ನಿಂತು ತಿನ್ನುವ ಎತ್ತರದ ಮೇಜುಗಳ ಸುತ್ತ ಫೋನುಗಳನ್ನಿಟ್ಟುಕೊಂಡು ಒಬ್ಬರ ಲಾಗನ್ನು ಇನ್ನೊಬ್ಬರು ನೋಡುತ್ತಾರೆ, ಎಲ್ಲಿ ಸುತ್ತಿದೆ, ಎಲ್ಲಿ ಬಿಟ್ಟೆ ಎಂದು ಕೇಳುತ್ತಾರೆ. ಅಂದು ತಂಗಿಯ ಲಾಗು. ಪೇಂಟು ತರುವ ಮಾತೂ ಆಯಿತು. ಅವಳು ಕೆರೆಯ ಮೇಲೆ ಹೇಗೆ ಏರಿದೆ ಎಂದು ಕೈಯಾಡಿಸಿ ಹೇಳುತ್ತಿದ್ದಳು. ಆ ತಮಾಷೆಯ ಹುಡುಗ ಗೆರೆಯ ಕೊನೆಯನ್ನು ದೊಡ್ಡದು ಮಾಡಿ ನೋಡುತ್ತಿದ್ದವನು ದೋಸೆ ಬಿಟ್ಟು ತಲೆ ಎತ್ತಿದ.

“ಅಕ್ಕಾ, ಆಕಾಶದಲ್ಲಿ ಯಾವಾಗ ರೈಲ್ವೆ ಗೇಟ್ ಹಾಕಿದ್ರು?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವನು ಫೋನು ತಿರುಗಿಸಿ ತೋರಿಸಿದ. ಗೆರೆ ಹೊಲಕ್ಕೆ ಇಳಿದಿತ್ತು. ಆಮೇಲೆ ರಸ್ತೆಯ ಮೇಲೇ ಅಂಟಿಕೊಂಡು ಹೋಗಿ, ಹಳಿಯ ಮುಂದೆ ಸುಮ್ಮನೆ ನಿಂತು, ದಾಟಿ, ಟೀ ಅಂಗಡಿಯಲ್ಲಿ ಮುಗಿದಿತ್ತು. ಎತ್ತರ ಅಷ್ಟೂ ದಾರಿ ನೆಲದ್ದೇ.

ತಂಗಿ ನೋಡಿದಳು. ನನ್ನ ಕಡೆ ತಿರುಗಿದಳು.

“ಅಣ್ಣಾ, ಬಾಲ ಕತ್ತರಿಸಿದ್ಯಲ್ಲ?”

“ಕತ್ತರಿಸಿದ್ದೆ” ಅಂದೆ. ಯೋಚನೆ ಮಾಡುವಷ್ಟರಲ್ಲಿ ಬಾಯಿಂದ ಬಂದುಬಿಟ್ಟಿತ್ತು.

ಗುಂಪು ನಡೆಸುವ ಹಿರಿಯರು, ನನ್ನ ಬಳಿ ಜಿಪ್ಪು ಹಾಕಿಸಿಕೊಂಡವರು, ಸಮಾಧಾನದ ದನಿಯಲ್ಲಿ, “ಹೋಗ್ಲಿ ಬಿಡಮ್ಮ. ಸಣ್ಣ ಸ್ಕ್ರೀನು, ಇಂಗ್ಲಿಷ್ ಬೇರೆ. ನಿಮ್ಮಣ್ಣನಿಗೆ ಗೊತ್ತಾಗಿರಲ್ಲ” ಅಂದರು.

ಅವರು ನನಗೊಂದು ಬಾಗಿಲು ತೆರೆದರು. ನಾನು ಹೌದು ಸಾರ್, ಗೊತ್ತಾಗ್ಲಿಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದೂ ಸುಳ್ಳೇ. ಆದರೆ ತಂಗಿ ಆ ಬಾಗಿಲನ್ನು ದಢಾರನೆ ಹಾಕಿದಳು. ಅವಳ ಮುಖ ಕೆಂಪಾಗಿತ್ತು.

“ಗೊತ್ತಾಗಲ್ಲ ಅಂತ ಯಾಕಂತೀರಾ ಸಾರ್? ನಮ್ಮಣ್ಣನಷ್ಟು ನೀಟಾಗಿ ಲಾಗ್ ಹಾಕೋರು ಇಲ್ಲಿ ಯಾರಿದೀರಾ? ಅವನು ಕತ್ತರಿಸಿದೀನಿ ಅಂದ್ರೆ ಕತ್ತರಿಸಿದಾನೆ. ವೆಬ್‌ಸೈಟಲ್ಲೇ ಏನೋ ಬಗ್ ಇದೆ.”

“ಬಗ್ ಅಂದ್ಬಿಟ್ರೆ ಆಯ್ತಾ?” ಎಂದು ಇನ್ಯಾರೋ ಗೊಣಗಿದರು. “ಹಂಗಾದ್ರೆ ಹಿಂದಿನವೂ ಒಂದ್ಸಲ ನೋಡ್ಬೇಕಾಗತ್ತೆ.”

“ನೋಡಿ. ಎಲ್ಲಾ ನೋಡಿ” ಅಂದಳು.

ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ಅದನ್ನು ಮೇಜಿನ ಮೇಲೆ ಇಡಲಿಲ್ಲ, ಕುಡಿಯಲೂ ಇಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದೆ.

ಚಿಕ್ಕಲಸಂದ್ರದ ಮನೆಯವರೆಗೆ ಸ್ಕೂಟರಿನಲ್ಲಿ ಅವಳು ಹಿಂದೆ, ನಾನು ಮುಂದೆ. ಬನಶಂಕರಿಯ ಸಿಗ್ನಲ್ಲಿನಲ್ಲಿ ಹೇಳೋಣವೆಂದುಕೊಂಡೆ, ಹಸಿರು ಬಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಹೇಳೋಣವೆಂದುಕೊಂಡೆ, ಅಲ್ಲಿ ನಿಲ್ಲಬೇಕಾಗಿ ಬರಲಿಲ್ಲ. ಮನೆ ಬಂತು. ಆಮೇಲಿನ ದಿನಗಳೂ ಹಾಗೇ ಹೋದವು. ಬೆಳಗಾದರೆ ಇವತ್ತು ಹೇಳುತ್ತೇನೆ, ಸಂಜೆಯಾದರೆ ನಾಳೆ. ಒಂದು ಕಾರಿನ ಸೀಟಿಗೆ ಎಡಗಡೆಯದನ್ನು ಬಲಕ್ಕೆ ಹೊಲಿದೆ. ಗಿರಾಕಿ ಬೈದ. ಬೈಸಿಕೊಳ್ಳುವುದೇ ಹಿತವಾಗಿತ್ತು.

ತಂಗಿ ಮಾತ್ರ ಲ್ಯಾಬಿನಿಂದ ಬಂದು ತನ್ನ ಹಳೆಯ ಲಾಗುಗಳನ್ನು ಒಂದೊಂದಾಗಿ ತೆರೆದು ಬಾಲ ನೋಡುತ್ತಿದ್ದಳು. ಗುಂಪಿನಲ್ಲಿ ಬೇರೆಯವರೂ ನೋಡುತ್ತಿದ್ದರು. ತಪ್ಪೇನೂ ಸಿಗಲಿಲ್ಲ, ಇರಲೂ ಇಲ್ಲ. ಆದರೆ ಅವಳ ಪ್ರತಿಯೊಂದು ಹಾರಾಟವನ್ನೂ ಕಳ್ಳಮಾಲಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಅದನ್ನು ಅವಳು ಬಲ್ಲಳು. ಮುಂದಿನ ಭಾನುವಾರ ಹಾರಲು ಹೋಗಲಿಲ್ಲ. “ಬಗ್ ಹಿಡಿದು ಅವರ ಮುಂದೆ ಇಟ್ಟ ಮೇಲೇ ಹೋಗೋದು” ಅಂದಳು.

ಮರುದಿನ ಮಧ್ಯಾಹ್ನ ಲ್ಯಾಬಿನಿಂದ ಬೇಗ ಬಿಡಿಸಿಕೊಂಡು ನೇರ ಅಂಗಡಿಗೆ ಬಂದಳು. ಸ್ಟೂಲು ಎಳೆದುಕೊಂಡು ಕೂತು ಫೋನನ್ನು ನನ್ನ ಕೈಗಿಟ್ಟಳು. ಆ ಐವತ್ತೆರಡರ ಫೈಲನ್ನು ಹೊಸದಾಗಿ ತೆರೆದಿದ್ದಳು.

“ಅವತ್ತು ಹೆಂಗೆ ಮಾಡಿದ್ಯೋ ಹಂಗೇ ಮಾಡು. ಒಂದೊಂದೇ. ನಾನು ನೋಡ್ತಿರ್ತೀನಿ, ಎಲ್ಲಿ ತಪ್ಪತ್ತೆ ಅಂತ ಹಿಡಿಯೋಣ.”

“ಈಗ್ಲೇ ಯಾಕೆ? ಕೆಲಸ ಇದೆ ಕಣೇ.”

“ಎರಡು ನಿಮಿಷದ್ದು ಅಣ್ಣಾ. ಮಾಡು.”

ಮಾಡಿದೆ. ಕೊನೆಯ ಗುರುತಿನ ಮೇಲೆ ಬೆರಳಿಟ್ಟು ಎಳೆದೆ. ಟೀ ಅಂಗಡಿ ಬಿಟ್ಟಿತು, ಗೇಟು ಬಿಟ್ಟಿತು, ರಸ್ತೆ ಬಿಟ್ಟಿತು. ಅವರೆಹೊಲದ ಬದಿಯಲ್ಲಿ, ಎತ್ತರದ ಗೆರೆ ನೆಲ ಮುಟ್ಟಿದ ಕಡೆ, ನಿಲ್ಲಿಸಿದೆ. ನಲವತ್ತಾರು ಬಂತು. ತಂಗಿ ತೊಡೆ ತಟ್ಟಿದಳು.

“ನೋಡು, ಎಷ್ಟು ಕರೆಕ್ಟಾಗಿ ನಿಲ್ಲಿಸ್ತೀಯ! ಇದನ್ನ ನೋಡಿದ್ರೆ ಆ ಸಾರ್ ಬಾಯಿ ಮುಚ್ಚಬೇಕು. ಈಗ ಮುಂದಿಂದು ಮಾಡು. ಆಮೇಲೆ ಏನು ಒತ್ತಿದೆ?”

ಅವಳ ಮುಖದಲ್ಲಿ ಹೆಮ್ಮೆಯಿತ್ತು. ಐವತ್ತೆರಡನ್ನು ಕಂಡ ದಿನ ಇದ್ದದ್ದಕ್ಕಿಂತ ಹೆಚ್ಚಿನದು. ಅದು ನನ್ನ ಬಗ್ಗೆ.

“ಬಗ್ ಇಲ್ಲ” ಅಂದೆ.

“ಇದೆ ಅಣ್ಣಾ, ಹುಡುಕೋಣ ಇರು.”

“ಇಲ್ಲ ಕಣೇ. ನಲವತ್ತಾರು ಬಂದಿತ್ತು. ನಾನೇ ವಾಪಸ್ ತಂದೆ. ಐವತ್ತು ದಾಟಲಿ ಅಂತ.”

ಅವಳು ಮೊದಲು ನಗಲು ಹೋದಳು. ನಾನು ಏನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ. ಆಮೇಲೆ ನನ್ನ ಮುಖ ನೋಡಿದಳು. ಎದುರಿನ ಗ್ಯಾರೇಜಿನಲ್ಲಿ ಯಾರೋ ಬೈಕನ್ನು ರೇಸ್ ಮಾಡುತ್ತಿದ್ದರು. ಅದು ನಿಲ್ಲುವವರೆಗೆ ಕಾದು, ಮೆಲ್ಲಗೆ ಕೇಳಿದಳು.

“ನಲವತ್ತಾರು ನಿನಗೆ ಸಾಲ್ಲಿಲ್ವಾ?”

ನಿನಗೋಸ್ಕರ ಮಾಡಿದೆ ಎಂಬ ಮಾತನ್ನು ನಾಲ್ಕೈದು ದಿನದಿಂದ ಸಿದ್ಧ ಮಾಡಿಕೊಂಡಿದ್ದೆ. ಅದನ್ನು ಅಲ್ಲೇ ಬಿಟ್ಟೆ. ಯಾಕೆಂದರೆ ಆಗ ತಾನೇ ನನಗೆ ಹೊಳೆದದ್ದು: ಅವಳು ಅಲ್ಲಿಯವರೆಗೆ ಹಾರಿದ್ದರಲ್ಲೆಲ್ಲ ನಲವತ್ತಾರೇ ದೊಡ್ಡದು. ಹಿಂದಿನ ಎಲ್ಲಕ್ಕಿಂತ ಎಷ್ಟೋ ದೂರ. ಹೊಲದಲ್ಲಿ ಅಂಗಾತ ಮಲಗಿ ಕೈ ನಡುಗುತ್ತಿದೆ ನೋಡು ಎಂದು ನಕ್ಕದ್ದು ಅದಕ್ಕೆ. ಅದಕ್ಕೆ ಸಲ್ಲಬೇಕಾದ ಒಂದು ಭೇಷ್ ಕೂಡ ಅವಳಿಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದೆಲ್ಲ ನನ್ನ ವ್ಯಾನಿಗೆ.

“ನಿನ್ನ ಮಾತಿನ ಮೇಲೆ ಅವರ ಹತ್ರ ಜಗಳ ಆಡ್ದೆ” ಅಂದಳು. ಇಷ್ಟೇ. ಫೋನು ತೆಗೆದುಕೊಂಡು ಎದ್ದಳು. ನಾನು ಸ್ಕೂಟರಿನಲ್ಲಿ ಬಿಡುತ್ತೇನೆ ಅಂದೆ. ಕೇಳಿಸದವಳ ಹಾಗೆ ಆಟೋ ನಿಲ್ಲಿಸಿದಳು.

ಆ ಸಂಜೆಯೇ ಗುಂಪಿಗೆ ನಾನು ಬರೆದು ಹಾಕಿದೆ. ತಂಗಿಯ ತಪ್ಪಿಲ್ಲ, ವೆಬ್‌ಸೈಟಿನದೂ ಇಲ್ಲ, ಬಾಲ ಬಿಟ್ಟವನು ನಾನು, ಎಲ್ಲರ ಮುಂದೆ ಕತ್ತರಿಸಿದ್ದೆ ಎಂದು ಸುಳ್ಳು ಹೇಳಿದವನೂ ನಾನು. ಬರೆದು ಫೋನು ಹಿಡಿದುಕೊಂಡು ಕೂತೆ. ಉಗಿಯುತ್ತಾರೆಂದು ಕಾದರೆ ಬಂದದ್ದು ಬೇರೆ. ತಮಾಷೆಯ ಹುಡುಗ, “ಅಣ್ಣಾ ಬಿಡಿ, ರಿಟ್ರೀವ್‌ಗೂ ಪಾಯಿಂಟ್ಸ್ ಕೊಡೋ ರೂಲ್ ಮಾಡೋಣ” ಎಂದು ಹಾಕಿದ. ಇನ್ನೊಬ್ಬರು ಕೈಮುಗಿಯುವ ಚಿತ್ರ ಕಳಿಸಿದರು. ಹಿರಿಯರು, “ಪಾಪ, ಗೊತ್ತಾಗದೆ ಆಗಿದೆ, ಇಲ್ಲಿಗೆ ಬಿಡೋಣ” ಎಂದು ಬರೆದರು.

ಮತ್ತೆ ಅದೇ ಬಾಗಿಲು. ಈ ಸಲ ಅದನ್ನು ಹಾಕಲು ತಂಗಿ ಬರಲಿಲ್ಲ. ನಾನೇ ಬರೆದೆ: “ಗೊತ್ತಿತ್ತು ಸಾರ್. ಚೆನ್ನಾಗಿ ಗೊತ್ತಿತ್ತು.”

ಅವಳು ಐವತ್ತೆರಡನ್ನು ಅಳಿಸಿ ನಲವತ್ತಾರನ್ನು ಹಾಕಿದಳು. ಆಗಲೇ ವಾರ ದಾಟಿದ ಹಾರಾಟ. ಅದನ್ನು ಮತ್ತೆ ನೋಡುವವರು ಯಾರು? ಮನೆಯಲ್ಲಿ ಅವಳು ನನ್ನೊಂದಿಗೆ ಮಾತು ಬಿಟ್ಟಿಲ್ಲ. ಊಟಕ್ಕೆ ಬಾ, ನೀರು ಬಂದಿದೆ ಮೋಟರ್ ಹಾಕು, ಎಲ್ಲ ಹೇಳುತ್ತಾಳೆ. ಹಾರಾಟದ ಮಾತು ಬಿಟ್ಟು. ಈಗ ಭಾನುವಾರಗಳಲ್ಲಿ ಬೇರೆಯವರ ಗಾಡಿಯಲ್ಲಿ ಹೋಗುತ್ತಾಳೆ. ಅವಳ ಚುಕ್ಕಿ ನನ್ನ ಫೋನಿನಲ್ಲಿ ಕಾಣುವುದಿಲ್ಲ. ಎಲ್ಲಿದ್ದಾಳೋ, ಯಾವ ತಂತಿಯ ಮೇಲೆ ಹೋಗುತ್ತಿದ್ದಾಳೋ ತಿಳಿಯದೆ ನಾನು ಅಂಗಡಿಯಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ ಓಡಾಡುತ್ತೇನೆ.

ಕಳೆದ ಭಾನುವಾರ ಸಂಜೆ ವೆಬ್‌ಸೈಟಿನಲ್ಲಿ ಅವಳ ಹೊಸ ಲಾಗು ಬಂತು. ಯಾರು ಬೇಕಾದರೂ ನೋಡಬಹುದಾದದ್ದು, ಹಾಗಾಗಿ ನಾನೂ ನೋಡಿದೆ. ಇಪ್ಪತ್ತೊಂಬತ್ತು ಕಿಲೋಮೀಟರ್. ಎರಡು ಒಳ್ಳೆಯ ಚಕ್ಕುಲಿ. ಕೊನೆಗೆ ಬಂದು ಬೆರಳು ನಿಂತಿತು. ಎತ್ತರದ ಗೆರೆ ನೆಲ ಮುಟ್ಟಿರಲಿಲ್ಲ. ಮರಗಳಿಗಿಂತ ಎಷ್ಟೋ ಮೇಲೆ, ಅವಳು ಇನ್ನೂ ಗಾಳಿಯಲ್ಲಿ ಇರುವಾಗಲೇ, ಗೆರೆ ಮುಗಿದುಹೋಗಿತ್ತು. ಫೋನು ಕೆಟ್ಟಿತೇನೋ ಎಂದುಕೊಂಡೆ. ಅದರ ಹಿಂದಿನ ವಾರದ್ದನ್ನು ತೆರೆದೆ. ಅದೂ ಹಾಗೇ. ಯಾರೂ ಒಂದು ಮಾತು ಅನ್ನಬಾರದೆಂದು ತನ್ನ ಹಾರಾಟದ ಕೊನೆಯ ತುಂಡನ್ನು, ನಿಜವಾಗಿ ಹಾರಿದ್ದನ್ನು, ತಾನೇ ಕತ್ತರಿಸಿ ಎಸೆಯುತ್ತಿದ್ದಾಳೆ.

ಅಷ್ಟು ಮೇಲೆ ಕತ್ತರಿಸಬೇಡ, ನೆಲದವರೆಗೂ ನಿನ್ನದೇ ಎಂದು ಹೇಳಬೇಕು. ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ, ನಾಳೆಗೆ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಾಳೆ. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ.